ಬಾಯಿಗೆ ಬಾರದ ಹೆಸರು

"ನಿಮ್ಮ ಹೆಸರೇನ್ರಿ?"

ಮೈಕ್ ಕೈಗೆ ಬಂದ ಮೇಲೆ ಹಾಲಮ್ಮ ಜೊತೆಗೆ ಹಾಡಬೇಕಿದ್ದ ಗಂಡಸನ್ನು ಕೇಳಿದ ಮೊದಲ ಮಾತು ಅದು. ಸೊರಬದ ಕಲ್ಯಾಣ ಮಂಟಪಕ್ಕೆ ಅವಳು ಶಿಕಾರಿಪುರದಿಂದ ಬಂದದ್ದು ರೊಟ್ಟಿ ತಟ್ಟುವುದಕ್ಕೆ. ಆರ್ಕೆಸ್ಟ್ರಾದ ಹಾಡುಗಾತಿ ಬರಲಿಲ್ಲ. ಅಡುಗೆಮನೆಯಲ್ಲಿ ಇವಳು ಗುನುಗುವುದನ್ನು ಕೇಳಿದವರು, ಕೈಯ ಹಿಟ್ಟು ತೊಳೆಯುವಷ್ಟರಲ್ಲಿ ವೇದಿಕೆ ಹತ್ತಿಸಿಬಿಟ್ಟಿದ್ದರು.

"ಪರಶುರಾಮ. ಉಳವಿಯವ್ನು," ಎಂದ ಆತ. "ಎಂತಕೆ?"

"ಬೈಬೇಕಲ್ರಿ, ಅದಕ್ಕ."

ಅವರು ಹಾಡಬೇಕಿದ್ದ ಜನಪದ ಪದವೇ ಅಂಥದ್ದು, ಹೆಂಡತಿ ಗಂಡನ ಹೆಸರು ಹಿಡಿದು ಬೈಯುವ ಹಾಡು. ಸೀರೆ ತರಲು ಸಂತೆಗೆ ಹೋದ ಗಂಡ ಕುರಿಮರಿ ಹಿಡಿದು ಬರುತ್ತಾನೆ.

'ಸೀರಿ ಎಲ್ಲೈತೋ ಪರಸ್ಯಾ?' ಎಂದು ಅವಳು ಸೊಂಟಕ್ಕೆ ಕೈಯಿಟ್ಟು ಎತ್ತಿಕೊಂಡರೆ, 'ಕುರಿ ತಂದೀನಿ, ಕಂಬಳಿ ಆಗೋಮಟ ಕಾಯೇ' ಎಂದು ಅವನು ಜಾರಿಕೊಳ್ಳಬೇಕು.

ಆಮೇಲೆ ಎಷ್ಟು ಮದುವೆ, ಎಷ್ಟು ಊರು... ಹೊಸ ಹಾಡು ಎಷ್ಟು ಹಾಡಿದರೂ ಜನ ಕೊನೆಗೆ ಕೇಳುವುದು ಅದನ್ನೇ. ಮೊಬೈಲಿನಲ್ಲಿ ನೋಡಿದವರೂ ಎದುರಿಗೆ ಕೇಳಬೇಕೆನ್ನುತ್ತಿದ್ದರು. ಮದುವೆಯಾದಂದಿನಿಂದ ಗಂಡನ ಹೆಸರೆತ್ತದ ಮುದುಕಿಯರು ಮುಂದಿನ ಸಾಲಿಗೆ ಬಂದು ಕೂರುತ್ತಿದ್ದರು, ತಮ್ಮ ಪಾಲಿನದನ್ನೂ ಇವಳೇ ಬೈದು ಮುಗಿಸಲಿ ಎಂಬಂತೆ.

ಗಂಡ ತೀರಿಕೊಂಡ ಮೇಲೆ ಹಾಲಮ್ಮ ನಕ್ಕದ್ದೆಲ್ಲ ಆ ಪದದಲ್ಲೇ. ಉಳಿದದ್ದು ಬರೀ ದಣಿವು. ನಸುಕಿನಲ್ಲಿ ಎದ್ದು ರೊಟ್ಟಿ, ಮಗಳ ಡಬ್ಬಿ, ಬಸ್ಸಿನಲ್ಲಿ ನಿಂತಲ್ಲೇ ನಿದ್ದೆ. ಹೀಗೆ ತೂಕಡಿಸುತ್ತ ಹೋಗಿ ಊರನ್ನು ನಗಿಸಬೇಕು.

ತಾಳಗುಂದದ ಮದುವೆಯ ದಿನ ಅವಳು ಶಾಮಿಯಾನದ ಹಿಂದೆ ಸ್ಪೀಕರ್ ಪೆಟ್ಟಿಗೆಗೆ ಒರಗಿದವಳು ಹಾಗೆಯೇ ಮಲಗಿಬಿಟ್ಟಳು. ಎಚ್ಚರವಾದಾಗ ತಲೆಯ ಕೆಳಗೆ ಯಾರದೋ ಟವೆಲ್ ಮಡಿಸಿ ಇಟ್ಟಿತ್ತು. ಆಚೆ ಪರಶುರಾಮ ಕೀಬೋರ್ಡಿನ ಗುರುಪ್ರಕಾಶನಿಗೆ ಪಿಸುಗುಡುತ್ತಿದ್ದ.

"ಅವರು ಏಳೋತನ್ಕ ಒಂದು ಸ್ವರಾನೂ ಒತ್ತಬೇಡ ಮಾರಾಯ."

ಹಾಲಮ್ಮ ಕಣ್ಣು ಮುಚ್ಚಿಕೊಂಡೇ ಇದ್ದಳು. ತಾನು ಮಲಗಲೆಂದು ಒಬ್ಬರು ಕಾಯುವುದು... ಅದು ಅವಳಿಗೆ ಮರೆತೇ ಹೋಗಿತ್ತು.

ವೇದಿಕೆಯಲ್ಲಿ ಪದ ಶುರುವಾಯಿತು. ಅವಳ ಸರದಿ ಬಂತು. 'ಸೀರಿ ಎಲ್ಲೈತೋ...'

ಮುಂದೆ ನಾಲಿಗೆ ಹೊರಳಲಿಲ್ಲ. ತಾಳ ಒಂದು ಸುತ್ತು ಸುಮ್ಮನೆ ಹೋಯಿತು. ಇನ್ನೊಮ್ಮೆ ಎತ್ತಿಕೊಂಡಳು.

'ಸೀರಿ ಎಲ್ಲೈತ್ರೀ...'

ಇದೇನೋ ಹೊಸ ತಮಾಷೆ ಎಂದು ಜನ ಬಿದ್ದು ಬಿದ್ದು ನಕ್ಕರು. ಬಿಟ್ಟ ಜಾಗಕ್ಕೆ ಮಕ್ಕಳೇ 'ಪರಸ್ಯಾ' ಎಂದು ಕೂಗಿ ತುಂಬಿದರು. ನಗದೇ ಇದ್ದವನು ಪರಶುರಾಮ ಒಬ್ಬನೇ.

ಊಟದ ಹೊತ್ತಿಗೆ ಅವನು ವೈರು ಸುತ್ತುತ್ತ, ಮುಖ ಎತ್ತದೆ, ಮುಂದಿನ ಮದುವೆಗೆ ನಿಮ್ಮ ಬದಲು ಬೇರೆ ಯಾರಿಗಾದರೂ ಹೇಳುತ್ತೇನೆ ಎಂದ. ಒಳ್ಳೆ ಕಂಠದವರು ಬೇಕಾದಷ್ಟು ಜನ ಇದ್ದಾರೆ, ನಿಮಗೆ ಈ ತೊಂದರೆ ಬೇಡ ಎಂದೂ ಸೇರಿಸಿದ.

"ಯಾಕ್ರಿ?"

"ನನ್ನ ಹೆಸ್ರೆತ್ತೋಕೂ ನಿಮಗೆ ಬೇಡಾಗಿದೆ. ಅಂದ್ಮೇಲೆ ಎಂತಕೆ ಸುಮ್ನೆ..."

ಹಾಲಮ್ಮನಿಗೆ ಮೈಯೆಲ್ಲ ಸೋತಿತ್ತು. ಬಿಡಿಸಿ ಹೇಳುವ ತ್ರಾಣವಿರಲಿಲ್ಲ. ಸುಮ್ಮನಿದ್ದರೆ ಮುಗಿದೇ ಹೋಗುತ್ತದೆ... ಸುಲಭ. ನಾಳೆಯಿಂದ ಬರೀ ರೊಟ್ಟಿ. ಆ ಪದವಿಲ್ಲ, ಈ ಮನುಷ್ಯನೂ ಇಲ್ಲ.

ಅವನು ಪೆಟ್ಟಿಗೆಯ ಮುಚ್ಚಳ ಹಾಕಿದ. ಎತ್ತಿಕೊಂಡು ಹೊರಟೇಬಿಟ್ಟ.

"ನನ್ನ ಮಗಳ ಅಪ್ಪನ ಹೆಸ್ರು," ಎಂದಳು ಹಾಲಮ್ಮ, "ನನ್ನ ಬಾಯಾಗ ಯಾವತ್ತರ ಕೇಳೀರೇನ್ರಿ?"

ಪರಶುರಾಮ ನಿಂತ. ಇಷ್ಟು ವರ್ಷ ಅವಳು ಆ ಮನುಷ್ಯನನ್ನು ನೆನೆದು ಅತ್ತದ್ದನ್ನು ಕಂಡಿದ್ದ. ಹೆಸರು ಕೇಳಿರಲಿಲ್ಲ.

"ಇಲ್ಲ."

"ಅವರ ಮ್ಯಾಲ ನನಗ ಸಿಟ್ಟಿತ್ತೇನ್ರಿ?"

ಅವನು ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟು ಅದರ ಮೇಲೆ ಕೂತ. ಅವಳು ಸೆರಗಿನ ಅಂಚನ್ನೇ ನೋಡುತ್ತಿದ್ದಳು. ಹೇಳಬೇಕಾದದ್ದು ಮುಗಿದಿತ್ತು.

"ಹಾಲಮ್ಮಾ..."

"ಹ್ಞೂಂ."

"ಹಂಗಾರೆ ಇನ್ಮೇಲೆ ಆ ಪದ ಹೆಂಗೆ ಹೇಳ್ತೀಯ?"

'ನೀವು' ಹೋಗಿ 'ನೀನು' ಬಂದಿತ್ತು. ಇಬ್ಬರಿಗೂ ಅದು ಕೇಳಿಸಿತು, ಇಬ್ಬರೂ ತಿದ್ದಲಿಲ್ಲ.

"ಹೆಸ್ರು ಮಕ್ಕಳು ಕೂಗ್ಲಿ ಬಿಡ್ರಿ. ನನ್ನ ಕೈಲಾಗಲ್ಲ."

"ಮತ್ತೆ ಬೈಯೋದು?"

ಹಾಲಮ್ಮ ಆಗ ಮುಖವೆತ್ತಿದಳು. ಕಣ್ಣು ತುಂಬಿತ್ತು, ತುಟಿಯ ಮೂಲೆಯಲ್ಲಿ ನಗುವಿತ್ತು.

"ಅದನ್ನ ಯಾರಿಗೂ ಬಿಟ್ಕೊಡಂಗಿಲ್ರೀ."