ಬಾನೆಟ್ ಮೇಲಿನ ಕಾಲುಚೀಲ

ಒಲೆಯ ಮೇಲೆ ಹಾಲಿಟ್ಟು ಬರೆಯುತ್ತಿದ್ದೇನೆ; ಉಪ್ಪುಖಾರ ಹಚ್ಚಿ ಹೇಳಲು ಪುರುಸೊತ್ತಿಲ್ಲ.

ನಮ್ಮವರು ಇದ್ದಾಗ, ಕೆಲಸದಿಂದ ಬಂದು ಕಾರು ನಿಲ್ಲಿಸಿದ ಕೂಡಲೇ ಮಗಳ ಒದ್ದೆ ಕಾಲುಚೀಲಗಳನ್ನು ಬಿಸಿ ಬಾನೆಟ್ ಮೇಲೆ ಹರವುತ್ತಿದ್ದರು. ಅವರು ಹೋಗಿ ಎಂಟು ತಿಂಗಳಾಯಿತು. ಅಂದಿನಿಂದ ಕಾರು ಶೆಡ್ಡಿನಲ್ಲೇ ನಿಂತಿತ್ತು. ರಿಪೇರಿ ಮಾಡಿಸಲೋ ಗುಜರಿಗೆ ಕೊಡಲೋ ತಿಳಿಯದೆ ಮೆಕ್ಯಾನಿಕ್‌ನನ್ನು ಕರೆಸಿದೆ. ಅವನು ಎಂಜಿನ್ ಬಿಚ್ಚಿ ತನ್ನ ಅಂಗಡಿಗೆ ಒಯ್ದ.

ಮರುದಿನ ಮಧ್ಯಾಹ್ನ ಫೋನ್ ಮಾಡಿದ. "ಅಕ್ಕಾ, ಇದಕ್ಕೆ ರಿಪೇರಿ ಅಂದ್ರೆ ಹೆಣಕ್ಕೆ ಸಿಂಗಾರ ಮಾಡಿದ ಹಾಗೆ..." ಎಂದವನು ತಡವರಿಸಿದ. "ಬೇಜಾರಾಗ್ಬೇಡಿ. ಗುಜರಿಗೆ ಕೊಟ್ಬಿಡಿ."

"ಆಯ್ತಪ್ಪಾ, ಗುಜರಿಯವನಿಗೆ ನಾಳೆ ಬರೋಕೆ ಹೇಳು," ಎಂದೆ. ಆ ಮಾತಿನ ಗುಂಗಿನಲ್ಲೇ, ಒಗೆದು ತಂದಿದ್ದ ಕಾಲುಚೀಲಗಳನ್ನು ಅವರು ಮಾಡುತ್ತಿದ್ದಂತೆ ಬಾನೆಟ್ ಮೇಲೆ ಹರವಿಬಿಟ್ಟೆ. ನಮ್ಮ ಶೆಡ್ಡಿಗೆ ಬಿಸಿಲು ಬೀಳುವುದಿಲ್ಲ.

ಸಂಜೆ ನೋಡಿದರೆ, ಶಾಲೆಯಿಂದ ಬಂದ ಮಗಳು ಅವನ್ನು ಕೆನ್ನೆಗೆ ಒತ್ತಿಕೊಂಡು ಅಲ್ಲೇ ನಿಂತಿದ್ದಳು.

"ಅಮ್ಮಾ, ಬಿಸಿಯಾಗಿದೆ. ಅಪ್ಪ ಹಾಕಿದಾಗ ಇರ್ತಿತ್ತಲ್ಲ, ಹಾಗೇ."

ಮುಟ್ಟಿದೆ. ಗರಿಗರಿಯಾಗಿ ಒಣಗಿದ್ದವು. ಬಾನೆಟ್, ಕಾರು ದೂರದಿಂದ ಓಡಿ ಬಂದು ಈಗಷ್ಟೇ ನಿಂತಂತೆ ಬೆಚ್ಚಗಿತ್ತು. ಎತ್ತಿ ನೋಡಿದರೆ ಒಳಗೆ ಬರೀ ಖಾಲಿ.

ಗುಜರಿಯವನಿಗೆ ಬರಬೇಡ ಎಂದು ಹೇಳಿಸಿದೆ. ಎಂಜಿನ್ ಇನ್ನೂ ಮೆಕ್ಯಾನಿಕ್ ಅಂಗಡಿಯಲ್ಲೇ ಇದೆ. ಕಾಲುಚೀಲಗಳನ್ನು ನಾನು ದಿನಾ ಅಲ್ಲೇ ಹರವುತ್ತೇನೆ. ಆಮೇಲೆ ಒಂದು ದಿನವೂ ಅವು ಒಣಗಿಲ್ಲ.