ಬಲ ಭುಜದ ಪಿನ್ನು

"ನಿಲ್ಲು! ಇನ್ನೊಂದು ಹೆಜ್ಜೆ ಇಟ್ಟರೆ ಹೋದೆ ನೀನು!"

ಗಾಳಿಯ ಅಬ್ಬರವನ್ನು ಸೀಳಿಕೊಂಡು ಬಂದ ಕೂಗಿಗೆ ಮಾಮೆಲ್ಲೊ ಬೆಚ್ಚಿಬಿದ್ದಳು. ಕಾಲಡಿಯ ಹಿಮ ಸರ್ರನೆ ಜಾರಿತು. ಕೆಳಗೆ, ಕಣ್ಣಿಗೆ ಕಾಣದ ಆಳದಲ್ಲಿ ಜಲಪಾತ ಭೋರ್ಗರೆಯುತ್ತಿತ್ತು. ಅವಳು ಅತ್ತ ಉರುಳುವ ಮೊದಲೇ ಯಾರದೋ ಕೈ ರಟ್ಟೆ ಹಿಡಿದು ಹಿಂದಕ್ಕೆಳೆಯಿತು.

ಯಾರೆಂದು ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ಹೋದ ವರ್ಷದ ಚಳಿಗಾಲದಲ್ಲಿ ಇದೇ ಕೈ ತನ್ನ ಮೈಮೇಲಿನ ಕಂಬಳಿ ತೆಗೆದು ಅವಳಿಗೆ ಹೊದಿಸಿತ್ತು.

ಲೆರೆಕೊ!

"ಕೈ ಬಿಡು."

"ಬಿಟ್ರೆ ಬೀಳ್ತೀಯ."

"ಬಿದ್ರೆ ನಿನಗೇನು?"

ಅವನು ಬಿಡಲಿಲ್ಲ. ಅವಳನ್ನು ಬಂಡೆಯ ಮರೆಗೆ ಕರೆತಂದು ನಿಲ್ಲಿಸಿದ ಮೇಲೆಯೇ ಕೈ ಸಡಿಲಿಸಿದ. ಗಡ್ಡದಲ್ಲೆಲ್ಲ ಹಿಮ ಕಟ್ಟಿತ್ತು. ಎಷ್ಟು ಸೊರಗಿದ್ದಾನೆ! ಅಯ್ಯೋ ಅನ್ನಿಸಿತು ಅವಳಿಗೆ. ಮರುಕ್ಷಣವೇ ತನ್ನ ಮೇಲೇ ಸಿಟ್ಟೂ ಬಂತು.

"ತಲೆಗಿಲೆ ಕೆಟ್ಟಿದ್ಯಾ? ಈ ಗಾಳೀಲಿ ಕುರಿ ಕೂಡ ಹೊರಗೆ ಮುಖ ಹಾಕಲ್ಲ. ಯಾಕೆ ಬಂದೆ?"

"ನಿನ್ನ ವಸ್ತು ನಿನಗೆ ಕೊಡೋಕೆ."

ಮಗುವನ್ನು ಕಟ್ಟಿಕೊಳ್ಳುವ ಹಾಗೆ ಅವಳು ಬೆನ್ನಿಗೊಂದು ಗಂಟು ಕಟ್ಟಿಕೊಂಡಿದ್ದಳು. ಬೆಳಗಿನಿಂದ ಈ ಬೆಟ್ಟ ಹತ್ತಿದ್ದು ಆ ಗಂಟಿಗಾಗಿಯೇ. ಒಳಗಿದ್ದುದು ಅವನ ಕಂಬಳಿ. "ಇದು ನಿನ್ನ ಹತ್ರ ಇರೋವರೆಗೂ ನನ್ನ ಮಾತು ನಿನ್ನ ಹತ್ರ ಇದ್ದ ಹಾಗೆ" ಎಂದು ಅವನೇ ಹೇಳಿ ಕೊಟ್ಟಿದ್ದ.

"ಶನಿವಾರ ಕೆಳಗಿನೂರಿನ ಅಂಗಡಿಯವರ ಮನೆಯಿಂದ ಬರ್ತಾರೆ, ಚಿಕ್ಕಪ್ಪನ ಹತ್ರ ಹೆಣ್ಣಿಗೆ ಕೊಡೋ ತೆರದ ದನದ ಮಾತಾಡೋಕೆ," ಎಂದಳು ಮಾಮೆಲ್ಲೊ. "ಮಾತು ಮುಗಿದ್ರೆ ನಾನು ಆ ಮನೆ ಸೊಸೆ. ಇನ್ನೊಬ್ಬನ ಕಂಬಳಿ ನನ್ನ ಹತ್ರ ಯಾಕಿರಬೇಕು?"

ಲೆರೆಕೊನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

"ನೀನು... ಒಪ್ಪಿದ್ಯಾ?"

"ಹೂಂ."

"ಆಯ್ತು. ಆದ್ರೆ ಈ ಗಾಳೀಲಿ ನೀನು ಇಳಿಯೋ ಹಾಗಿಲ್ಲ. ಗುಡಿಸಲಿಗೆ ಬಾ, ಬೆಂಕಿ ಇದೆ," ಎಂದ.

"ಅಲ್ಲಿ ಅವಳಿರಲ್ವಾ?"

"ಯಾವಳು?"

"ಸಾಕು ಮಾಡು ನಾಟಕ! ನೀನು ಅವಳನ್ನ ತಬ್ಕೊಂಡು ನಿಂತಿದ್ದನ್ನ ನಾನೇ ಕಣ್ಣಾರೆ ಕಂಡಿದ್ದೀನಿ."

ಕಂಡದ್ದು ಸುಳ್ಳಲ್ಲ. ಮೊದಲ ಹಿಮ ಬಿದ್ದ ವಾರ ಅವಳು ಇವನಿಗೆಂದು ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಕಮರಿಯ ಆಚೆ ದಡದಲ್ಲಿ, ಜಲಪಾತದ ತುಂತುರಿನ ನಡುವೆ ಲೆರೆಕೊ ಯಾರನ್ನೋ ತಬ್ಬಿ ಹಿಡಿದು ನಿಂತಿದ್ದ. ಮುಖ ಕಾಣಲಿಲ್ಲ. ಕಂಬಳಿ ಕಂಡಿತು, ಅದರ ದೊಡ್ಡ ಪಿನ್ನು ಎದೆಯ ಮೇಲೆ ಮಿನುಗಿದ್ದೂ ಕಂಡಿತು.

ಗಂಡಸು ಪಿನ್ನು ಚುಚ್ಚುವುದು ಬಲ ಭುಜದ ಮೇಲೆ, ಹೆಂಗಸು ಎದೆಯ ಮೇಲೆ. ನಮ್ಮ ಬೆಟ್ಟಗಳಲ್ಲಿ ಇದು ಹಾಲುಗಲ್ಲದ ಕೂಸಿಗೂ ಗೊತ್ತು. ಇನ್ನು ಮುಖ ಯಾಕೆ ನೋಡಬೇಕು?

ರೊಟ್ಟಿಯನ್ನು ಅಲ್ಲೇ ಬಿಸಾಡಿ ಅತ್ತುಕೊಂಡು ಇಳಿದಿದ್ದಳು. ಹೋಗಿ ಒಂದು ಮಾತು ಕೇಳಬಾರದಿತ್ತೇ ಎಂದು ನೀವು ಅನ್ನಬಹುದು. ಕೇಳಬಹುದಿತ್ತು! ಆದರೆ ಮಾಮೆಲ್ಲೊಳ ಹಟ ನಿಮಗೆ ಗೊತ್ತಿಲ್ಲ. ಆಮೇಲೆ ಲೆರೆಕೊ ಯಾರ ಕೈಲಿ ಹೇಳಿಕಳಿಸಿದರೂ, ಅವರು ಬಾಯಿ ತೆರೆಯುವ ಮೊದಲೇ ಬಾಗಿಲು ಹಾಕುತ್ತಿದ್ದಳು.

"ಬಂದು ನೋಡು," ಎಂದ ಲೆರೆಕೊ. ಅವನ ದನಿ ಇಳಿದಿತ್ತು. "ಬಾಯಲ್ಲಿ ಹೇಳಲ್ಲ ಅಂತ ಆಣೆ ಮಾಡಿದ್ದೀನಿ. ಕಣ್ಣಲ್ಲೇ ನೋಡು."

ಜಲಪಾತದ ನೆತ್ತಿಯ ಪಕ್ಕದಲ್ಲೇ ಕಾಲುದಾರಿ. ಬಂಡೆಗಳ ಮೇಲೆಲ್ಲ ತುಂತುರು ಹೆಪ್ಪುಗಟ್ಟಿತ್ತು. ಅವನು ಮುಂದೆ, ಅವಳು ಹಿಂದೆ. ಜಾರುವ ಕಡೆಯಲ್ಲೆಲ್ಲ ಅವನು ಕೋಲನ್ನು ಹಿಂದಕ್ಕೆ ಚಾಚುತ್ತಿದ್ದ. ಅವಳು ಕೋಲು ಹಿಡಿಯುತ್ತಿದ್ದಳೇ ಹೊರತು ಅವನ ಕೈ ಮುಟ್ಟಲಿಲ್ಲ.

ಕಲ್ಲಿನ ಗುಡಿಸಲು. ಒಳಗೆ ಬೆರಣಿಯ ಬೆಂಕಿ. ಬೆಂಕಿಯ ಮುಂದೆ ಗೋಡೆಗೊರಗಿ ಕುಳಿತಿದ್ದ ವ್ಯಕ್ತಿ ಬಾಗಿಲಿನ ಸದ್ದಿಗೆ ತಲೆಯೆತ್ತಿತು.

ಕಂದು ಕಂಬಳಿ. ಎದೆಯ ಮೇಲೆ ಪಿನ್ನು.

ಆದರೆ ಆ ಮುಖ... ಬಿಳಿ ಗಡ್ಡ, ಗುಳಿಬಿದ್ದ ಕಣ್ಣು...

"ನ್ತಾತೆ ಸೆಖೊಬೆ!"

ಲೆರೆಕೊನ ತಂದೆ, ಊರಿನ ಚಿಕ್ಕವರೆಲ್ಲ ‘ನ್ತಾತೆ’, ಅಂದರೆ ಅಪ್ಪ, ಎಂದೇ ಕರೆಯುವ ಹಿರಿಯ! ಕುದುರೆ ಪಂದ್ಯದಲ್ಲಿ ಈ ಸೀಮೆಯವರೆಲ್ಲ ಹೆಸರು ಹಿಡಿದು ಕೂಗುತ್ತಿದ್ದ ಸವಾರ! ಮುದುಕ ಗಡಿಬಿಡಿಯಿಂದ ಎಡಗೈಯನ್ನು ಎದೆಗೆ ತಂದು ಪಿನ್ನು ಮುಚ್ಚಿಕೊಂಡ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ಯಾಕೋ ಕರ್ಕೊಂಡು ಬಂದೆ ಇವಳನ್ನ?" ಎಂದ ಮುದುಕ. "ಯಾರಿಗೂ ತೋರಿಸಲ್ಲ ಅಂದಿದ್ದೆಯಲ್ಲೋ..."

"ಹೇಳಲ್ಲ ಅಂದಿದ್ದೆ ಅಪ್ಪ. ಹೇಳಿಲ್ಲ."

ಉಳಿದದ್ದನ್ನು ಮುದುಕನೇ ಹೇಳಿದ. ಮೊದಲ ಹಿಮಕ್ಕೆ ಕುದುರೆ ಜಾರಿ ಭುಜದ ಮೂಳೆ ಪುಡಿಯಾಗಿತ್ತು. ಅಲ್ಲಿ ಬೆರಳಿಟ್ಟರೂ ಜೀವ ಹೋಗುವಷ್ಟು ನೋವು, ಇನ್ನು ಕಂಬಳಿಯ ಭಾರ ಹೊತ್ತ ಪಿನ್ನನ್ನು ಹೇಗೆ ತಡೆಯುವುದು? "ಕೂತು ಕೂತು ಸಾಕಾದಾಗ, ನೀರಿನ ಸದ್ದು ಕೇಳಬೇಕು ಅಂತೀನಿ. ಪಾಪ, ತಬ್ಬಿ ಹಿಡ್ಕೊಂಡು ಕರ್ಕೊಂಡು ಹೋಗ್ತಾನೆ."

ಮಾಮೆಲ್ಲೊ ಲೆರೆಕೊನತ್ತ ತಿರುಗಿದಳು. ತಬ್ಬಿ ಹಿಡಿದದ್ದು... ಅಪ್ಪನನ್ನು! ದೇವರೇ, ನಾನೇನು ಮಾಡಿಬಿಟ್ಟೆ!

ಅಷ್ಟರಲ್ಲಿ ಮುದುಕನಿಗೆ ಕೆಮ್ಮು ಬಂತು. ನಿಲ್ಲದ ಕೆಮ್ಮು. ಅವಳು ಹಣೆ ಮುಟ್ಟಿ ನೋಡಿದಳು. ಕೆಂಡ!

"ನಾಲ್ಕು ದಿನದಿಂದ ಹೀಗೇ," ಎಂದ ಲೆರೆಕೊ. "ಇವತ್ತು ಸಂಜೆಯೊಳಗೆ ದಾರಿ ಮುಚ್ಚಿಹೋಗುತ್ತೆ. ಆಸ್ಪತ್ರೆಗೆ ಬಾ ಅಂದ್ರೆ ಕೇಳಲ್ಲ. ಕಾಲು ಹಿಡಿದೆ, ಆದ್ರೂ ಕೇಳಲ್ಲ."

"ಹೆಂಗಸರ ಹಾಗೆ ಪಿನ್ನು ಚುಚ್ಕೊಂಡು ಊರ ನಡುವೆ ಹೋಗಲಾ?" ಮುದುಕ ಗುಡುಗಿದ. "ಜನ ಬಿದ್ದು ಬಿದ್ದು ನಗಲಿ ಅಂತಲಾ? ಅದಕ್ಕಿಂತ ಇಲ್ಲೇ ಸಾಯ್ತೀನಿ, ಬಿಡ್ರೋ ನನ್ನ!"

ಮಾಮೆಲ್ಲೊ ಎದ್ದು ನಿಂತಳು. ನೆನೆದು ಭಾರವಾಗಿದ್ದ ತನ್ನ ಕಂಬಳಿಯನ್ನು ಕಳಚಿ ಮೂಲೆಗೆ ಹಾಕಿದಳು. ಬೆನ್ನಿನ ಗಂಟು ಬಿಚ್ಚಿ ಲೆರೆಕೊನ ಕಂಬಳಿ ಹೊದ್ದಳು. ಆಮೇಲೆ ಪಿನ್ನನ್ನು ತನ್ನ ಬಲ ಭುಜದ ಮೇಲೆ ಚುಚ್ಚಿದಳು. ಗಂಡಸರ ಹಾಗೆ!

"ಏ ಮಗಳೇ! ಏನೇ ಇದು!"

"ನೋಡೋರು ಮೊದಲು ನನ್ನ ನೋಡಿ ನಗ್ತಾರೆ, ನ್ತಾತೆ. ನಕ್ಕು ಮುಗಿಸೋ ಹೊತ್ತಿಗೆ ನೀವು ಆಸ್ಪತ್ರೆ ಬಾಗಿಲು ದಾಟಿರ್ತೀರ."

ಮುದುಕ ಅವಳನ್ನು ಮೇಲಿಂದ ಕೆಳಗೆ ನೋಡಿದ. ಗಡ್ಡ ಅದುರಿತು. ನಗುವೋ ಅಳುವೋ ತಿಳಿಯಲಿಲ್ಲ, ಕಣ್ಣೀರಂತೂ ಇಳಿಯಿತು.

"ಲೆರೆಕೊ," ಎಂದ, "ಕುದುರೆಗೆ ಜೀನು ಹಾಕು."

ಅವರು ಊರು ಮುಟ್ಟುವಾಗ ಹಿಮ ದಟ್ಟವಾಗಿ ಬೀಳುತ್ತಿತ್ತು. ಆದರೂ ನಲ್ಲಿಯ ಹತ್ತಿರ ಜನವಿದ್ದರು. ಕುದುರೆಯ ಮೇಲೆ ಮುದುಕ, ಹಗ್ಗ ಹಿಡಿದು ಮಗ, ಎಲ್ಲರಿಗಿಂತ ಮುಂದೆ ಮಾಮೆಲ್ಲೊ. ಅಯ್ಯಯ್ಯೋ, ಆ ನಗುವೇ! ಒಬ್ಬಳಂತೂ ಬಕೆಟ್ಟನ್ನೇ ಕೈಬಿಟ್ಟಳು.

"ಯಾವಾಗಿಂದ ಗಂಡಸಾದ್ಯೇ, ಮಾಮೆಲ್ಲೊ?"

"ಇವತ್ತು ಬೆಳಗ್ಗೆಯಿಂದ! ನಿನಗೂ ಬೇಕಾ?"

ನಗುವಿನ ನಡುವಿನಿಂದ ಅವಳ ಚಿಕ್ಕಪ್ಪ ಮುಂದೆ ಬಂದ. ಮುಖ ಕಪ್ಪಿಟ್ಟಿತ್ತು. "ಏನೇ ಈ ವೇಷ? ಯಾರ ಕಂಬಳಿ ಅದು?"

ಅವಳು ಕಂಬಳಿಯ ಅಂಚನ್ನು ಹಿಡಿದುಕೊಂಡಳು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನ್ನಿಸಿತು.

"ಲೆರೆಕೊನದು, ಚಿಕ್ಕಪ್ಪ. ಶನಿವಾರ ಯಾರೂ ಬರೋದು ಬೇಡ ಅಂತ ಹೇಳಿಕಳಿಸಿ. ತಪ್ಪು ನಂದು. ಬೈಯೋದಿದ್ರೆ ಆಮೇಲೆ ಬೈಯಿರಿ, ಮೊದಲು ಆಸ್ಪತ್ರೇಲಿ ನ್ತಾತೆನ ಇಳಿಸೋಕೆ ಕೈ ಹಾಕಿ."

ನಗು ನಿಂತಿತು. ಚಿಕ್ಕಪ್ಪ ಆಗ ಮುದುಕನ ಸುಡುವ ಮುಖ ನೋಡಿದ. ನೇತಾಡುತ್ತಿದ್ದ ಬಲಗೈ ನೋಡಿದ. ಟೋಪಿ ತೆಗೆದು, ಬಂದು ಕುದುರೆಯ ಪಕ್ಕ ನಡೆದ. ಎದೆಯ ಪಿನ್ನಿನ ಬಗ್ಗೆ ಯಾರೊಬ್ಬರೂ ತುಟಿ ಬಿಚ್ಚಲಿಲ್ಲ.

ಮುದುಕನನ್ನು ಆಸ್ಪತ್ರೆಯ ಒಳಗೆ ಮಲಗಿಸಿದ ಮೇಲೆ ಇಬ್ಬರೂ ಹೊರಗೋಡೆಯ ಮರೆಯಲ್ಲಿ ನಿಂತರು. ಬದುಕುತ್ತಾರೆ, ಆದರೆ ಭುಜಕ್ಕೆ ಬಹಳ ಕಾಲ ಬೇಕು ಎಂದಿದ್ದರು ಡಾಕ್ಟರು.

"ಕೇಳದೆ ಹೋದೆ," ಎಂದಳು ಮಾಮೆಲ್ಲೊ. ಅಷ್ಟು ಹೊತ್ತು ತಡೆದ ಅಳು ಈಗ ಉಕ್ಕಿತು. "ಕ್ಷಮಿಸು ಲೆರೆಕೊ... ನಿನ್ನ ಬಿಟ್ಟು ನಾನು ಹೇಗೆ ಬದುಕ್ತಿದ್ದೆ?"

"ನಾನೂ ಆಣೆ ಮುರಿದು ಹೇಳಬೇಕಿತ್ತು. ನಂದೂ ತಪ್ಪಿದೆ." ಅವನು ಅವಳ ಕೆನ್ನೆ ಒರೆಸಿದ. "ಕಂಬಳಿ ವಾಪಸ್ ಕೊಡೋಕೆ ಬಂದಿದ್ದೆ, ಅಲ್ವಾ?"

"ಕೊಡಲ್ಲ."

ಅವನು ನಕ್ಕು, ಅವಳ ಭುಜದ ಪಿನ್ನು ತೆಗೆಯಲು ಕೈ ಚಾಚಿದ. ಅವಳು ಆ ಕೈಯನ್ನು ಹಿಡಿದುಕೊಂಡಳು.

"ಬೇಡ, ಇರಲಿ. ನ್ತಾತೆ ತಮ್ಮ ಭುಜಕ್ಕೆ ಪಿನ್ನು ಚುಚ್ಕೊಳ್ಳೋವರೆಗೂ ಅಲ್ಲೇ ಇರಲಿ."

"ಊರೆಲ್ಲ ನಗುತ್ತೆ."

"ನಗಲಿ."

"ಆಮೇಲೆ?"

"ಆಮೇಲೆ... ನ್ತಾತೆ ಎದುರಿಗೇ, ನಿನ್ನ ಕೈಯಾರೆ ನನ್ನ ಎದೆ ಮೇಲೆ ಚುಚ್ಚು."