ಟೆಸ್ಟ್ ಶಾಟಿನ ಹುಡುಗಿ

"ಅಲ್ಲೇ ನಿಂತ್ಕೊ. ಅಲುಗಾಡ್ಬೇಡ."

ಕ್ಯಾಮೆರಾದ ಹಿಂದಿನಿಂದ ಬಂದ ದನಿಗೆ ಅವಳು ಕಂಬವಾದಳು.

ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದ ಹಳೇ ಕ್ಲಾಸ್‌ರೂಮು. ಚಿಕ್ಕಮ್ಮನ ತರಕಾರಿ ತೊಳೆಯುವ ತೂತಿನ ಬುಟ್ಟಿಯನ್ನು ಅವಳೇ ಟಾರ್ಚಿನ ಮುಂದೆ ಕಟ್ಟಿ, ಗೋಡೆಯ ತುಂಬ ಚುಕ್ಕಿ ಚೆಲ್ಲಿದ್ದಳು. ಬಾಡಿಗೆ ಲೈಟಿಗೆ ಕಾಸಿಲ್ಲದ ಕಾಲೇಜು ಪ್ರಾಜೆಕ್ಟಿನ ಹಾಡಿಗೆ ಇದೇ ಆಕಾಶ.

"ಗಾಯಕಿ ಬರೋವರೆಗೂ ನೀನೇ ಗಾಯಕಿ," ಎಂದ ಕ್ಯಾಮೆರಾದವನು.

"ನನ್ನ ನೋಡಿ ಸೆಟ್ ಮಾಡಿದ್ರೆ ನಿಮ್ಗೇ ಕಷ್ಟ. ನಮ್ಮನೆ ಫೋಟೊಗಳಲ್ಲಿ ನನ್ನ ಹಲ್ಲು ಮಾತ್ರ ಬಂದಿದೆ."

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಅವಳ ಕಪ್ಪು ಕೆನ್ನೆಯ ಮೇಲೆ ಚುಕ್ಕಿಗಳು ಸರಿಯಾಗಿ ಕೂರುವವರೆಗೂ ಬೆಳಕು ಹೆಚ್ಚು ಕಡಿಮೆ ಮಾಡುವ ಲೆನ್ಸಿನ ಬಳೆ ತಿರುಗಿಸುತ್ತಲೇ ಇದ್ದ. ಯಾರ ಕೈ ತಾಗಿಯೂ ಅದು ಕದಲದಿರಲೆಂದು ಮೇಲೆ ಟೇಪ್ ಸುತ್ತಿದ.

'ಇಷ್ಟು ಹೊತ್ತು ನನ್ನನ್ನ ಇದುವರೆಗೆ ಯಾರೂ ನೋಡಿಲ್ಲ...' ಅಂದುಕೊಂಡಳು.

ವಾರವಿಡೀ ಹೀಗೇ ನಡೆಯಿತು. ಮೊದಲು ಅವಳು ನಿಲ್ಲುವಳು, ಅವನು ಬಳೆ ತಿರುಗಿಸಿ ಟೇಪ್ ಸುತ್ತುವನು, ಆಮೇಲೆ ಗಾಯಕಿ ಹಾಡುವಳು. ಲೈಟಿಂಗ್ ನೋಡಿಕೊಳ್ಳುವವಳೆಂದು ಎಲ್ಲರೂ ಅವಳನ್ನು ಟ್ಯೂಬ್‌ಲೈಟ್ ಎನ್ನುತ್ತಿದ್ದರು. ಪ್ರೀತಿಯ ವಿಷಯದಲ್ಲೂ ಅವಳು ಹೆಸರಿಗೆ ತಕ್ಕವಳೇ.

ಕ್ಯಾಮೆರಾದ ಪುಟ್ಟ ಪರದೆ ಅರ್ಧ ಕೆಟ್ಟಿತ್ತು, ತೆಗೆದದ್ದನ್ನು ಅದರಲ್ಲಿ ಮತ್ತೆ ಹಾಕಿ ನೋಡುವಂತಿರಲಿಲ್ಲ. ಕಾಲೇಜಿನ ಕಂಪ್ಯೂಟರ್ ಸಿಕ್ಕಿದ್ದು ಕೊನೆಯ ದಿನ, ಗಾಯಕಿ ಊರಿಗೆ ಹೋದ ಮೇಲೆ. ಸಂಜೆಯೊಳಗೆ ವೀಡಿಯೊ ಒಪ್ಪಿಸಬೇಕು. ಇಲ್ಲದಿದ್ದರೆ, ಮೊದಲೇ ಅಂಕ ಕಮ್ಮಿಯಿದ್ದ ಟ್ಯೂಬ್‌ಲೈಟ್‌ಗೆ ಈ ವರ್ಷ ಫೇಲು.

ಕಂಪ್ಯೂಟರಿನಲ್ಲಿ ಹಾಡು ಶುರುವಾಯಿತು. ಬೆಳ್ಳಗಿನ ಗಾಯಕಿಯ ಮುಖ ಇರಬೇಕಾದ ಕಡೆ ಸುಣ್ಣ ಬಳಿದ ಹಾಗೆ ಒಂದು ಬಿಳಿ ಮಚ್ಚೆ. ಕಣ್ಣಿಲ್ಲ, ಮೂಗಿಲ್ಲ. ಪ್ರತಿ ಶಾಟಿನಲ್ಲೂ.

"ಏನಮ್ಮಾ ತಾಯಿ, ಹಾಡಿಸಿದ್ದು ಗಾಯಕೀನಾ, ಬಲ್ಬನ್ನಾ?" ಎಂದ, ಹಾಡಿನ ಡೈರೆಕ್ಟರಾಗಿದ್ದ ಸಹಪಾಠಿ. "ಬುಟ್ಟಿ, ತಟ್ಟೆ, ಕನ್ನಡಿ ಅಂತ ಪಾತ್ರೆ ಅಂಗಡಿ ಇಟ್ಟಾಗ್ಲೇ ಅಂದ್ಕೊಂಡೆ."

ಅವಳು ಕ್ಯಾಮೆರಾದವನ ಕಡೆ ನೋಡಿದಳು. ಒಂದು ಮಾತು... ಒಂದೇ ಒಂದು ಮಾತಾಡು...

ಅವನು ನೆಲ ನೋಡುತ್ತ ಹೊರಗೆ ಹೋದ.

ಅಷ್ಟು ಸಾಕಾಯಿತು. ಬುಟ್ಟಿ ಎತ್ತಿಕೊಂಡು ಹಿಂಬದಿಯ ಮೆಟ್ಟಿಲವರೆಗೆ ಬಂದವಳು ಬಹಳ ಹೊತ್ತು ಅಲ್ಲೇ ಕೂತಳು. ಮನೆಗೆ ಹೋಗಿ ಏನು ಹೇಳುವುದು? ಎಲ್ಲಿ ತಪ್ಪಿದೆ ಎಂಬುದೇ ಗೊತ್ತಿಲ್ಲವಲ್ಲ.

ನೋಡಿಯೇ ಬಿಡೋಣವೆಂದು ವಾಪಸು ಬಂದಾಗ, ಖಾಲಿ ರೂಮಿನಲ್ಲಿ ಅವನೊಬ್ಬನೇ ಕೂತಿದ್ದ. ಪರದೆಯ ಮೇಲೆ ಒಬ್ಬ ಹುಡುಗಿ. ರೆಪ್ಪೆ ರೆಪ್ಪೆಯೂ ಕಾಣುತ್ತಿತ್ತು. ಕೆನ್ನೆಯ ಕಪ್ಪು ಹೊಳೆಯುತ್ತಿತ್ತು.

ಗುರುತು ಹಿಡಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. "ಇದು... ನಾನಾ?"

"ಟೆಸ್ಟ್ ಶಾಟ್," ಎಂದ ಅವನು. "ನಿನ್ನ ಮುಖಕ್ಕೆ ಅಂತ ಬಳೆ ಪೂರ್ತಿ ತೆರೀತಿದ್ದೆ. ಗಾಯಕಿ ಬೆಳ್ಳಗಿದಾಳೆ, ಅವಳು ಬಂದ್ಮೇಲೆ ಟೇಪ್ ಬಿಚ್ಚಿ ಒಳಗೆ ಬರೋ ಬೆಳಕು ಕಡಿಮೆ ಮಾಡ್ಬೇಕಿತ್ತು. ಒಂದಿನಾನೂ ಮಾಡ್ಲಿಲ್ಲ. ಬೆಳಕು ಸರಿಯಾಗೇ ಇತ್ತು. ತಪ್ಪು ನಂದು."

"ಎಲ್ಲರೆದುರು ಯಾಕೆ ಬಾಯಿ ಬಿಡ್ಲಿಲ್ಲ?"

"ಯಾಕೆ ಮರೆತೆ ಅಂತ ಕೇಳ್ತಿದ್ರು." ಅವನು ತಲೆ ಎತ್ತಲಿಲ್ಲ. "ನೀನು ಪಕ್ಕಕ್ಕೆ ಸರಿದ್ಮೇಲೂ ನನಗೆ ಅಲ್ಲಿ ನೀನೇ ಕಾಣ್ತಿದ್ದೆ. ಅದನ್ನ ಅವರೆಲ್ಲರ ಮುಂದೆ ಹೇಗೆ ಹೇಳ್ಲಿ?"

ಅವಳಿಗೆ ಕಪಾಳಕ್ಕೆ ಬಿಗಿಯಬೇಕೆನಿಸಿತು. ಅವನ ಭುಜಕ್ಕೆ ತಲೆ ಒರಗಿಸಿ ಅಳಬೇಕೆಂದೂ ಅನಿಸಿತು.

"ಮಾರ್ಕ್ಸ್ ಹಾಕೋ ಮೇಷ್ಟ್ರ ಹತ್ರ ಒಪ್ಕೊಂಡು ಬಂದೆ," ಎಂದ ಅವನು. " ಈ ಶಾಟ್‌ಗಳನ್ನೂ ತೋರಿಸ್ದೆ."

"ಏನಂದ್ರು?"

ಅವನು ಮೇಷ್ಟ್ರ ಮೂಗಿನ ದನಿಯಲ್ಲೇ ಹೇಳಿದ: "'ಬೆಳಕು ಚೆನ್ನಾಗಿದೆಯಪ್ಪಾ... ಹಾಡೆಲ್ಲಿ?'"

ಅವಳಿಗೆ ನಗು ಬಂತು. ಬಂದ ನಗುವೇ ಅಳುವಾಯಿತು. ಕೆಳಗೆ, ವೀಡಿಯೊ ಒಪ್ಪಿಸಬೇಕಿದ್ದ ಆಫೀಸಿನ ಬಾಗಿಲು ಹಾಕಿದ ಸದ್ದು ಇಬ್ಬರಿಗೂ ಕೇಳಿಸಿತು.

"ನನ್ನ ವರ್ಷ ಹೋಯ್ತು ಕಣೋ."

"ಗೊತ್ತು."

"ಇದನ್ನೆಲ್ಲ ನನಗೆ ಯಾವಾಗ ಹೇಳೋನಿದ್ದೆ?"

"ನೀನು ಪಾಸಾದ್ಮೇಲೆ." ಅವನ ದನಿ ಒಡೆಯಿತು. "ಈಗ... ನೀನು ಬೈದು ಮುಗಿಸಿದ್ಮೇಲೆ."

ಅವಳು ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಅವನ ಬೆರಳುಗಳನ್ನು ಹಿಡಿದುಕೊಂಡಳು. ಟೇಪಿನ ಅಂಟು ಇನ್ನೂ ಹೋಗಿರಲಿಲ್ಲ.

"ನಾಳೆ ಬೈತೀನಿ," ಎಂದಳು. "ಇವತ್ತು ಸುಮ್ನೆ ಇಲ್ಲೇ ಕೂತಿರು."